ಲೇಯರ್ ಕಟ್‌ನಿಂದ ಉದ್ದ ಜಡೆಗೆ: ಕತ್ತರಿ ಬೀಳಬೇಕಾದ್ದು ಹೆಕ್ಕತ್ತಿಗೆ

ಪದರ ಪದರವಾಗಿ ಕತ್ತರಿಸಿದ (ಲೇಯರ್ ಕಟ್) ಗಿಡ್ಡ ಕೂದಲನ್ನು ಉದ್ದ ಬಿಡಬೇಕು ಅಂತ ತೀರ್ಮಾನಿಸಿದವರು ಮೊದಲು ಮಾಡುವ ತಪ್ಪು ಪಾರ್ಲರ್ ಕಡೆ ತಲೆ ಹಾಕದಿರುವುದು. ನಾಲ್ಕೈದು ತಿಂಗಳಾಗುವಷ್ಟರಲ್ಲಿ ನೆತ್ತಿಯ ಮೇಲೆ ಅಣಬೆ, ಹೆಕ್ಕತ್ತಿನಲ್ಲಿ ಬಾಲ. ಕನ್ನಡಿ ನೋಡಿ ನೋಡಿ ಬೇಸತ್ತು ಮತ್ತೆ ಗಿಡ್ಡ ಮಾಡಿಸಿಕೊಂಡು ಬರುತ್ತಾರೆ.

ಲೆಕ್ಕ ಹೀಗಿದೆ. ತಲೆಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ. ನೆತ್ತಿಯಲ್ಲೂ, ಹೆಕ್ಕತ್ತಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ನೆತ್ತಿಯ ಕೂದಲು ಇಳಿದು ಬರಬೇಕಾದ ದಾರಿ ದೂರ. ಟೈಲರ್ ಟೇಪಿನಲ್ಲಿ ನೆತ್ತಿಯಿಂದ ಹಿಂದೆ ಕೂದಲು ಮುಗಿಯುವ ಗೆರೆಯವರೆಗೆ ಅಳೆದು ನೋಡಿ. 9 ಇಂಚು ಬಂತು ಅಂತಿಟ್ಟುಕೊಳ್ಳಿ. ನೆತ್ತಿಯ ಪದರ 4 ಇಂಚು, ಹೆಕ್ಕತ್ತಿನದು 3 ಇಂಚು ಇದ್ದರೆ, ಎರಡರ ತುದಿ ಒಂದೇ ಸಾಲಿಗೆ ಬರಲು ನೆತ್ತಿಯದು 12 ಇಂಚಾಗಬೇಕು. ಇನ್ನೂ 8 ಇಂಚು, ಅಂದರೆ 16 ತಿಂಗಳು. ಅಷ್ಟು ದಿನ ಹಿಂದಿನದನ್ನು ಮುಟ್ಟದೆ ಬಿಟ್ಟರೆ ಅದು 11 ಇಂಚಾಗಿ, 8 ಇಂಚಿನ ತೆಳ್ಳನೆ ಬಾಲ ಕೆಳಗೆ ನೇತಾಡುತ್ತದೆ. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರಿಗೂ ಇದೇ ಪಾಡು: ತಲೆಯೆಲ್ಲ ಒಂದೇ ಅಳತೆಯಲ್ಲಿ ಬೆಳೆದರೂ ಮೊದಲು ಕಾಲರ್ ಮುಟ್ಟುವುದು ಹಿಂದಿನದೇ.

ಹಾಗಾಗಿ ಮೊದಲ ವರ್ಷ 8 ವಾರಕ್ಕೊಮ್ಮೆ ಹೆಕ್ಕತ್ತಿನ ಕೂದಲನ್ನು ಮಾತ್ರ 1 ಇಂಚು ತೆಗೆಸಿ. ಅದು ಇದ್ದಲ್ಲೇ ಇರುತ್ತದೆ, ಮೇಲಿನದು ಇಳಿದು ಬಂದು ಕೂಡಿಕೊಳ್ಳುತ್ತದೆ. ಪೂರ್ತಿ ಸಮ ಆಗುವವರೆಗೆ ಕಾಯಲೇಬೇಕೆಂದಿಲ್ಲ. ಅಂತರ 3-4 ಇಂಚಿಗೆ ಇಳಿದ ಮೇಲೆ ಹಿಂದಿನದನ್ನೂ ಬೆಳೆಯಲು ಬಿಡಬಹುದು, ಅಷ್ಟನ್ನು ಜಡೆ ನುಂಗಿಕೊಳ್ಳುತ್ತದೆ.

ಪಾರ್ಲರ್‌ನಲ್ಲಿ ‘ಸ್ವಲ್ಪ ಶೇಪ್ ಮಾಡಿ’ ಅಂದಿರೋ, ಆರು ತಿಂಗಳ ತಪಸ್ಸು ನೆಲದ ಪಾಲು. ‘ಹಿಂದೆ ಕೆಳಗಿನ ಅಂಚು ಮಾತ್ರ ತೆಗೀರಿ, ಮೇಲೆ ಕತ್ತರಿ ಹಾಕಬೇಡಿ’ ಅನ್ನಿ. ಆಮೇಲೆ ಕನ್ನಡಿಯಲ್ಲಿ ಅವರ ಕೈ ನೋಡುತ್ತಿರಿ. ಬೆರಳ ಸಂದಿಯಲ್ಲಿ ಕೂದಲು ಹಿಡಿದು ತಲೆಯಿಂದ ಮೇಲಕ್ಕೆತ್ತಿದರೆ ಹೊಸ ಲೇಯರ್ ಬೀಳುತ್ತಿದೆ ಎಂದೇ ಅರ್ಥ. ಲೇಯರ್ ಕರಗಬೇಕಾದರೆ ನೇರ ಕೆಳಕ್ಕೆ ಬಾಚಿ, ಕುತ್ತಿಗೆಗೆ ಒತ್ತಿ ಹಿಡಿದು ಅಂಚು ಕತ್ತರಿಸಬೇಕು. ‘ತುಂಬಾ ದಪ್ಪ ಇದೆ, ಥಿನ್ನಿಂಗ್ ಮಾಡ್ಲಾ ಮೇಡಂ?’ ಅಂತ ಕೇಳೇ ಕೇಳುತ್ತಾರೆ. ಬೇಡ ಅನ್ನಿ. ಥಿನ್ನಿಂಗ್‌ಗೆ ಬಳಸುವ ಹಲ್ಲಿನ ಕತ್ತರಿ ಒಳಗೊಳಗೇ ತುಂಡು ಕೂದಲು ಮಾಡಿಡುತ್ತದೆ, ಅವು ಮತ್ತೆ ಮೊದಲಿಂದ ಬೆಳೆಯಬೇಕು. ಗುಂಗುರು ಕೂದಲಾದರೆ ಒಣಗಿದ ಮೇಲೆ ಕತ್ತರಿಸಲು ಹೇಳಿ. ಒದ್ದೆಯಲ್ಲಿ 1 ಇಂಚು ಅಂತ ತೆಗೆದದ್ದು ಒಣಗಿ ಮೇಲೆ ಸುರುಳಿಕೊಂಡಾಗ ಎರಡರಷ್ಟು ಹೋದ ಹಾಗೆ ಕಾಣುತ್ತದೆ.

ಕಿವಿ ಹತ್ತಿರದ ಕೂದಲು ಕಿವಿಯ ಹಿಂದೆ ನಿಲ್ಲದೆ, ಜುಟ್ಟಿಗೂ ಸಿಗದೆ ಸತಾಯಿಸುವ ತಿಂಗಳುಗಳು ಬರುತ್ತವೆ. ಆಗ ಬೈತಲೆಯನ್ನು ಪಕ್ಕಕ್ಕೆ ಸರಿಸಿ, ಎರಡು ಕಪ್ಪು ಪಿನ್ನುಗಳನ್ನು ಗುಣಾಕಾರದ ಗುರುತಿನಂತೆ ಅಡ್ಡಡ್ಡ ಸಿಕ್ಕಿಸಿ. ಪಿನ್ನಿನ ಅಂಕುಡೊಂಕು ಕಾಲು ತಲೆಯ ಕಡೆಗಿರಲಿ, ನೇರ ಕಾಲು ಮೇಲೆ. ಇದನ್ನು ತಿರುವುಮುರುವು ಹಾಕಿಕೊಂಡು ‘ಪಿನ್ನೇ ನಿಲ್ಲಲ್ಲ’ ಅನ್ನುವವರೇ ಜಾಸ್ತಿ. ಮುಂದೆ ಭುಜಕ್ಕೆ ಬಂದಾಗ ತುದಿ ಭುಜಕ್ಕೆ ತಾಗಿ ಹೊರಕ್ಕೆ ತಿರುಗುತ್ತದೆ. ಅದು ಕಟ್ಟಿಂಗಿನ ದೋಷವಲ್ಲ, ಇನ್ನೆರಡು ಇಂಚು ಇಳಿದರೆ ತಾನಾಗಿ ಸರಿಹೋಗುತ್ತದೆ.

ಎಣ್ಣೆ ಹಚ್ಚಿದರೆ ಬೇಗ ಬೆಳೆಯುತ್ತದೆ ಅನ್ನುವುದು ಅಜ್ಜಿಯ ಪ್ರೀತಿ. ತುದಿ ಕತ್ತರಿಸಿದರೆ ಬೇಗ ಬೆಳೆಯುತ್ತದೆ ಅನ್ನುವುದೂ ಸುಳ್ಳು, ಬೆಳೆಯುವುದು ಬುಡದಲ್ಲಿ. ಆದರೆ ಸ್ನಾನಕ್ಕೆ ಮೊದಲು ಹಚ್ಚಿದ ಕೊಬ್ಬರಿ ಎಣ್ಣೆ ಕೂದಲೊಳಕ್ಕೆ ಇಳಿದು, ತೊಳೆಯುವಾಗ ಪ್ರೋಟೀನ್ ಕಳೆದುಹೋಗುವುದನ್ನು ತಗ್ಗಿಸುತ್ತದೆ. ಒಂದು ಚಮಚ ಸಾಕು, ತುದಿಗೆ ಮರೆಯಬೇಡಿ. ತುದಿ ಕವಲೊಡೆದಿದ್ದರೆ ಕವಲಿನಿಂದ ಕಾಲು ಇಂಚು ಮೇಲೆ ಕತ್ತರಿಸಿ, ಇಲ್ಲವಾದರೆ ಸೀಳು ಮೇಲೇರುತ್ತದೆ. ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿ ಮಾತ್ರ ಬೇಡ. ಮೊಂಡು ಅಲಗು ಕೂದಲನ್ನು ಜಜ್ಜಿ ಹೊಸ ಕವಲಿಗೆ ದಾರಿ ಮಾಡುತ್ತದೆ.

ಜಡೆ ಹೆಣೆಯುವಷ್ಟಾದಾಗ ಗಿಡ್ಡ ಪದರಗಳು ನಡುನಡುವೆ ಮುಳ್ಳಿನಂತೆ ಎದ್ದು ನಿಲ್ಲುತ್ತವೆ. ಕೂದಲು ಅರೆ ತೇವವಿದ್ದಾಗ, ನೆತ್ತಿಯಿಂದಲೇ ಎಳೆ ಸೇರಿಸುತ್ತಾ ಹೋಗುವ ಫ್ರೆಂಚ್ ಜಡೆ ಸಡಿಲವಾಗಿ ಹೆಣೆದರೆ ಅವು ಒಳಗೆ ಸೇರುತ್ತವೆ. ಎಳೆದು ಬಿಗಿದರೆ ಹಣೆಯ ಅಂಚಿನ ಕೂದಲು ಬುಡಸಮೇತ ಬರುತ್ತದೆ. ಮದುವೆಗೆ ಚೌರಿ ಸೇರಿಸುವವರೂ ಹಗುರದ್ದನ್ನೇ ಆರಿಸಿ, ಮನೆಗೆ ಬಂದ ಕೂಡಲೇ ಬಿಚ್ಚಿಡಿ.