ಅಟ್ಟ ಖಾಲಿಯಾದ ಮೇಲೆ ಬಂದ ಯುಗಾದಿ

ಯುಗಾದಿಗೆ ಎಂಟು ದಿನ ಇರುವಾಗ ನಮ್ಮ ಮನೆಯಲ್ಲಿ ಏಣಿ ಹೊರಗೆ ಬರುತ್ತದೆ. ಅಡುಗೆಮನೆಯ ಅಟ್ಟಕ್ಕೆ ಅದನ್ನು ಒರಗಿಸಿ ನಾನು ಹತ್ತುತ್ತೇನೆ. ಕೆಳಗೆ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿ ಹಿಡಿದು ನಿಲ್ಲುತ್ತಾರೆ. ಮದುವೆಯಾಗಿ ಮೈಸೂರಿಗೆ ಬಂದು ಎಷ್ಟೋ ವರ್ಷವಾಯಿತು. ಆದರೂ ಹಬ್ಬ ಅಂದರೆ ಅವರಿಗೆ ತಿ. ನರಸೀಪುರದ ಕಡೆಯ ತಮ್ಮ ಊರೇ ನೆನಪು. ಗೋಡೆಗೆ ಸುಣ್ಣ ಬಳಿಯದೆ, ನೆಲಕ್ಕೆ ಸಗಣಿ ಸಾರಿಸದೆ ಅಲ್ಲಿ ಯುಗಾದಿ ಹೊಸ್ತಿಲು ದಾಟುತ್ತಲೇ ಇರಲಿಲ್ಲವಂತೆ.

2025ರ ಯುಗಾದಿ ಮಾರ್ಚ್ 30ರ ಭಾನುವಾರ ಬಿತ್ತು. ಹೊಸ ಸಂವತ್ಸರದ ಹೆಸರು ವಿಶ್ವಾವಸು. 60 ಸಂವತ್ಸರಗಳಲ್ಲಿ 39ನೆಯದು. ಹೆಸರು ಕೇಳಿದ ಕೂಡಲೇ ಅತ್ತೆ ಬೆರಳು ಮಡಿಸಿ ಲೆಕ್ಕ ಹಾಕಿದರು. "ಹೋದ ಸಲ ವಿಶ್ವಾವಸು ಬಂದಾಗ ನನಗೆ ಎಂಟು ವರ್ಷ ಕಣವ್ವ" ಅಂದರು. ಅಂದರೆ 1965. ಪೂರ್ತಿ ಒಂದು ಸುತ್ತು ಮುಗಿದು ಅದೇ ಹೆಸರು ಮತ್ತೆ ಬರುತ್ತಿತ್ತು. ಒಂದೇ ಸಂವತ್ಸರವನ್ನು ಎರಡು ಸಲ ಬರಮಾಡಿಕೊಳ್ಳುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ, ಅಲ್ವಾ? ಅತ್ತೆಯ ಮುಖದಲ್ಲಿ ಅದು ಕಾಣುತ್ತಿತ್ತು. "ತೊಳೆಯೋದು ವರ್ಷಾವರ್ಷ ಇದ್ದದ್ದೇ. ಈ ಸಲ ಖಾಲಿ ಮಾಡೋಣ" ಅಂದರು.

ಏನೇನು ಇಳಿಯಿತು ಅಟ್ಟದಿಂದ! ಪೆಟ್ಟಿಗೆಯನ್ನೇ ಬಿಚ್ಚದ ಎರಡು ಊಟದ ಸೆಟ್ಟು. ಗೃಹಪ್ರವೇಶ, ನಾಮಕರಣಗಳಲ್ಲಿ ತಾಂಬೂಲದ ಜೊತೆ ಕೊಟ್ಟ ಪ್ಲಾಸ್ಟಿಕ್ ಬುಟ್ಟಿಗಳು, ಒಂದರೊಳಗೊಂದು. ಮುಚ್ಚಳವಿಲ್ಲದ ಡಬ್ಬಿಗಳು, ಡಬ್ಬಿ ಇಲ್ಲದ ಮುಚ್ಚಳಗಳು. ಕೆಟ್ಟ ಮಿಕ್ಸಿ. ಬ್ಲೌಸ್ ಪೀಸುಗಳ ದೊಡ್ಡ ಗಂಟು. ಬಿಸಿಲಿಗೆ ಬಣ್ಣ ಹೋದ ಮೂರು ಪ್ಲಾಸ್ಟಿಕ್ ಮಾವಿನೆಲೆ ತೋರಣ. ಇದೆಲ್ಲದರ ಹಿಂದೆ, ಗೋಡೆಗೆ ಒತ್ತಿಕೊಂಡು, ಕಪ್ಪಿಟ್ಟ ಒಂದು ಹಿತ್ತಾಳೆ ಹರಿವಾಣ.

ಹರಿವಾಣ ಕೈಗೆ ಕೊಟ್ಟಾಗ ಅತ್ತೆ ಏಣಿ ಬಿಟ್ಟು ಅಲ್ಲೇ ನೆಲದ ಮೇಲೆ ಕೂತರು. ಅದು ಅವರ ಅವ್ವನದು. ಯುಗಾದಿಯ ದಿನ ಅವರ ಊರಿನಲ್ಲಿ ಹೊನ್ನಾರು ಕಟ್ಟುತ್ತಿದ್ದರು. ವರ್ಷದ ಮೊದಲ ಉಳುಮೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ನೇಗಿಲಿಗೆ ಪೂಜೆ ಮಾಡಿ ಹೊಲಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. 1965ರಲ್ಲಿ ಅವರ ಅವ್ವ ಇದೇ ಹರಿವಾಣದಲ್ಲಿ ಅರಿಶಿನ, ಕುಂಕುಮ, ಬೇವು-ಬೆಲ್ಲ ಇಟ್ಟುಕೊಂಡು ಎತ್ತುಗಳ ಮುಂದೆ ನಿಂತಿದ್ದರಂತೆ. ಎಂಟು ವರ್ಷದ ಹುಡುಗಿ ಪಕ್ಕದಲ್ಲಿ ನಿಂತು ಎತ್ತಿಗೆ ಒಬ್ಬಟ್ಟು ತಿನ್ನಿಸಿದ್ದಳಂತೆ. ಮದುವೆಯಾದಾಗ ಹರಿವಾಣ ಇಲ್ಲಿಗೆ ಬಂತು. ಆಮೇಲೆ ಸ್ಟೀಲು ಬಂತು, ಪ್ಲಾಸ್ಟಿಕ್ ಬಂತು. ಹರಿವಾಣ ಮಾತ್ರ ಹಿಂದೆ ಹಿಂದೆ ಸರಿಯಿತು.

ಬೇಡದ್ದು ತುಂಬಿಕೊಂಡರೆ ಹೀಗೇ ಆಗುತ್ತದೆ. ಮನೆಯಲ್ಲಿರುವ ಒಳ್ಳೆಯದೇ ನಮಗೆ ಕಾಣುವುದಿಲ್ಲ. ನಾನು ಆ ದಿನ ಏಣಿಯ ಮೇಲೆ ಕೂತು ಬಹಳ ಹೊತ್ತು ಇದನ್ನೇ ಯೋಚಿಸಿದೆ.

ಅತ್ತೆ ಒಂದು ಲೆಕ್ಕ ಹೇಳಿದರು. "ಹೋದ ಯುಗಾದಿಯಿಂದ ಈ ಯುಗಾದಿವರೆಗೆ ಕೈ ತಾಕದೇ ಇರೋದು ನಮ್ಮದಲ್ಲ. ಯಾರಿಗೋ ಸೇರಬೇಕಾದ್ದು ನಮ್ಮನೇಲಿ ಕೂತದೆ." ನನಗೆ ಕೂಡಲೇ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಅವಳ ಗಂಡ ಮಾರಯ್ಯ ಕಲ್ಯಾಣದಲ್ಲಿ ಶರಣರ ಅಂಗಳಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಅದರಲ್ಲೇ ದಾಸೋಹ. ಒಂದು ದಿನ ದಿನದಷ್ಟಕ್ಕಿಂತ ಜಾಸ್ತಿ ಅಕ್ಕಿ ಹೊತ್ತು ತಂದ. ಲಕ್ಕಮ್ಮ ಒಳಗೆ ಬಿಟ್ಟುಕೊಳ್ಳಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಬಡತನದ ಮನೆಯ ಹೆಂಗಸು, ಕೈಗೆ ಬಂದ ಅಕ್ಕಿಯನ್ನು ಬೇಡ ಅಂದಳು! ಚಿಕ್ಕಂದಿನಿಂದ ಕೇಳಿದ ಕತೆ ಇದು. ಅದರ ತೂಕ ಗೊತ್ತಾಗಿದ್ದು ಬಿಚ್ಚದ ಎರಡು ಊಟದ ಸೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಾಗ.

ಆ ಸೋಮವಾರ ನಂಜನಗೂಡಿಗೆ ಹೋದೆವು. ಮೈಸೂರಿನಿಂದ 25 ಕಿಲೋಮೀಟರು ಕೂಡ ಆಗುವುದಿಲ್ಲ. ಹಬ್ಬಕ್ಕೆ ಮುಂಚೆ ಶ್ರೀಕಂಠೇಶ್ವರನ ಮುಖ ನೋಡಿ ಬರುವುದು ನಮ್ಮ ಮನೆಯ ಪದ್ಧತಿ. ಟಿಪ್ಪು ಸುಲ್ತಾನನ ಪಟ್ಟದ ಆನೆಯ ಕಣ್ಣು ಈ ಸ್ವಾಮಿಯ ದಯೆಯಿಂದ ವಾಸಿಯಾಯಿತು, ಅದಕ್ಕೇ ಅವನು ಹಕೀಂ ನಂಜುಂಡ ಅಂತ ಕರೆದ ಅನ್ನುತ್ತಾರೆ. ಕಾಯಿಲೆ ಕಳೆಯುವ ದೇವರು ಅಂತ ಜನ ಇವತ್ತಿಗೂ ಉರುಳುಸೇವೆ ಮಾಡುತ್ತಾರೆ. ಕಪಿಲೆಯಲ್ಲಿ ಮುಳುಗು ಹಾಕುತ್ತಾರೆ.

ಆದರೆ ಸ್ನಾನಘಟ್ಟದಲ್ಲಿ ನನಗೆ ಮೆಟ್ಟಿಲು ಇಳಿಯಲು ಮನಸ್ಸು ಬರಲಿಲ್ಲ. ಮಿಂದವರು ಬಿಟ್ಟುಹೋದ ಬಟ್ಟೆಗಳು ಅಂಚಿನಲ್ಲಿ ರಾಶಿ ಬಿದ್ದಿದ್ದವು. ಪಂಚೆ, ಸೀರೆ, ಮಕ್ಕಳ ಅಂಗಿ. ಹಳೆ ಬಟ್ಟೆ ಹೊಳೆಗೆ ಬಿಟ್ಟರೆ ಹಳೆ ಕಷ್ಟವೂ ಹೋಗುತ್ತದೆ ಅನ್ನುವ ನಂಬಿಕೆ. ಕಷ್ಟದಲ್ಲಿ ಬಂದವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೂ ಹೇಳಲೇಬೇಕು, ಇದು ತ್ಯಾಗ ಅಲ್ಲ. ನಮ್ಮ ಭಾರವನ್ನು ಹೊಳೆಯ ತಲೆಗೆ ಕಟ್ಟಿ ಬರುವುದು. ಒಳಗೆ ಕೂತಿರುವವನು ನಂಜುಂಡ. ಲೋಕ ಉಳಿಯಲಿ ಅಂತ ನಂಜನ್ನು ತಾನು ಉಂಡವನು. ಅವನನ್ನು ನೋಡಲು ಬಂದ ನಾವು ಅವನ ಹೊಳೆಗೆ ನಂಜು ಬೆರೆಸಿ ಹೋಗಬಹುದೇ? ಅತ್ತೆ ಸುಮ್ನೆ ಒಂದು ಬೊಗಸೆ ನೀರು ತೆಗೆದು ತಲೆಗೆ ಚಿಮುಕಿಸಿಕೊಂಡರು. ಗರ್ಭಗುಡಿಯ ಮುಂದೆ ಆ ದಿನ ನಾನು ಏನನ್ನೂ ಬೇಡಲಿಲ್ಲ. ಬಿಡುವುದನ್ನು ಸರಿಯಾಗಿ ಬಿಡಲು ಬುದ್ಧಿ ಕೊಡು ಅಂದುಕೊಂಡೆ.

ಮನೆಗೆ ಬಂದು ಅದನ್ನೇ ಮಾಡಿದೆವು. ಕೊಡುವ ಬಟ್ಟೆಗಳನ್ನು ಒಗೆದು, ಗುಂಡಿ ಹೊಲಿದು, ಇಸ್ತ್ರಿ ಮಾಡಿ ಮಡಿಸಿದೆವು. ಊಟದ ಸೆಟ್ಟೊಂದು ನಮ್ಮ ಬೀದಿಯ ಸೊಪ್ಪಿನವಳ ಮಗಳ ಮದುವೆಗೆ ಹೋಯಿತು. ಇನ್ನೊಂದು ಗಂಡನ ಅಕ್ಕನ ಮನೆಗೆ. ಮಿಕ್ಸಿ, ಡಬ್ಬಿಗಳು ಗುಜರಿಗೆ. ಹರಿದ ಹತ್ತಿ ಸೀರೆಗಳನ್ನು ಮಾತ್ರ ಅತ್ತೆ ಇಟ್ಟುಕೊಂಡರು. ಅವನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯಲು ಶುರು ಮಾಡಿದ್ದಾರೆ. ದಿನಕ್ಕೆ ನಾಲ್ಕು ಸಾಲು ಹೊಲಿಗೆ, ಮಧ್ಯಾಹ್ನದ ಬೆಳಕಿನಲ್ಲಿ.

ಹರಿವಾಣ ತಿಕ್ಕಲು ಹಳೆ ಹುಣಸೆಹಣ್ಣು ಬೇಕಿತ್ತು. ಈ ಕಾಲಕ್ಕೆ ಹೊಸ ಹುಣಸೆ ಬರುತ್ತದೆ. ಊರಿನಿಂದ ಬಂದ ಮೂಟೆಯನ್ನು ಜಜ್ಜಿ, ನಾರು ಬೀಜ ತೆಗೆದು, ಉಪ್ಪು ಬೆರೆಸಿ ಜಾಡಿಗೆ ತುಂಬುವುದು ಮಾರ್ಚ್ ತಿಂಗಳ ಕೆಲಸ. ಜಾಡಿಯ ತಳದಲ್ಲಿ ಉಳಿದ ಹಿಂದಿನ ವರ್ಷದ ಕಪ್ಪು ಹಣ್ಣು ಹಿತ್ತಾಳೆಗೆ. ಯಾವುದೂ ದಂಡವಾಗುವುದಿಲ್ಲ. ಮೂರು ಸಲ ತಿಕ್ಕಿದ ಮೇಲೆ ಹರಿವಾಣದಲ್ಲಿ ಅತ್ತೆಯ ಮುಖ ಕಂಡಿತು.

ಹಬ್ಬದ ಸಾಮಾನಿಗೆ ದೇವರಾಜ ಮಾರುಕಟ್ಟೆಗೆ ಹೋದೆವು. ಮುಂಚೆ ನಾನು ಪೂಜೆಗೆ ದೂರದೇಶದ ಸೇಬು ತರುತ್ತಿದ್ದೆ. ಕೆಂಪಗೆ, ಮೇಣ ಸವರಿ, ಮೇಲೊಂದು ಸ್ಟಿಕ್ಕರ್ ಅಂಟಿಸಿದ್ದು. ಸ್ಟಿಕ್ಕರ್ ಕಿತ್ತು ದೇವರ ಮುಂದೆ ಇಡುವಾಗ ಏನೋ ಕಸಿವಿಸಿ. ಈ ಸಲ ನಂಜನಗೂಡು ರಸಬಾಳೆ ಹುಡುಕಿದೆವು. ನಮ್ಮ ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ಈ ರಸಬಾಳೆ ಮೂರಕ್ಕೂ ಭೌಗೋಳಿಕ ಗುರುತಿನ ಮನ್ನಣೆ ಇದೆ. ಆದರೆ ಪನಾಮ ಸೊರಗು ರೋಗ ಬಿದ್ದು ರಸಬಾಳೆ ತೋಟಗಳು ತೀರಾ ಕಡಿಮೆಯಾಗಿವೆ. ನಾಲ್ಕು ಅಂಗಡಿ ದಾಟಿದ ಮೇಲೆ ಒಂದು ಚಿಪ್ಪು ಸಿಕ್ಕಿತು. ತೆಳು ಸಿಪ್ಪೆ, ಮೇಲೆ ಕಪ್ಪು ಚುಕ್ಕೆ, ನೋಡಲು ಸುಮಾರು. ಆದರೆ ಆ ಪರಿಮಳ! ಕಪಿಲೆಯ ದಂಡೆಯ ಮಣ್ಣಿನಲ್ಲಿ ಬೆಳೆದದ್ದು ಕಪಿಲೆಯ ದಂಡೆಯ ದೇವರಿಗೆ. ಇದಕ್ಕಿಂತ ಸರಿಯಾದ ನೈವೇದ್ಯ ನನಗೆ ಗೊತ್ತಿಲ್ಲ.

ಬೆಲ್ಲ ಮಂಡ್ಯದ ಕಡೆಯ ಆಲೆಮನೆಯದು. ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಹೈಡ್ರೋಸ್ ಅನ್ನುವ, ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕಿರುತ್ತಾರೆ. ನಮಗೆ ಬೇಕಾಗಿದ್ದು ಕಂದು ಬಣ್ಣದ್ದು. ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆದು, ಸುಮ್ನೆ ಕಾಯಿಸಿ ಅಚ್ಚಿಗೆ ಸುರಿದ ಬೆಲ್ಲ. ಅಚ್ಚು ಒಡೆದರೆ ಕಬ್ಬಿನ ಹಾಲಿನ ವಾಸನೆ ಬರಬೇಕು, ಅದೇ ಪರೀಕ್ಷೆ ಅನ್ನುತ್ತಾರೆ ಅತ್ತೆ.

ಹಬ್ಬದ ಹಿಂದಿನ ಸಂಜೆ ಗೆಜ್ಜೆವಸ್ತ್ರ ಮಾಡಲು ಕೂತೆವು. ನನಗೆ ತುಂಬ ಇಷ್ಟವಾದ ಹೊತ್ತು ಇದು. ಹತ್ತಿ ಊರಿನ ಹಿತ್ತಲ ಗಿಡದ್ದು. ಬೀಜ ಬಿಡಿಸಿ, ಕಸ ಆಯ್ದು, ಬೆರಳ ತುದಿಗೆ ಚೂರು ಹಾಲು ತಾಕಿಸಿಕೊಂಡು ಎಳೆ ಎಳೆಯಬೇಕು. ಒಂದಿಷ್ಟು ಬಿಟ್ಟು ಹೊಸೆಯಬೇಕು, ಮತ್ತೊಂದಿಷ್ಟು ಬಿಟ್ಟು ಹೊಸೆಯಬೇಕು. ಹೊಸೆದಲ್ಲಿ ಕುಂಕುಮ. ನಡುವೆ ಹತ್ತಿ ಗೆಜ್ಜೆಯಂತೆ ಉಬ್ಬಿ ನಿಲ್ಲುತ್ತದೆ. ಬಲ ಜಾಸ್ತಿಯಾದರೆ ಹರಿಯುತ್ತದೆ, ಕಡಿಮೆಯಾದರೆ ಬಿಚ್ಚಿಕೊಳ್ಳುತ್ತದೆ. ಮನಸ್ಸು ಬೇರೆಲ್ಲೋ ಹೋದರೆ ಎಳೆ ಕೂಡಲೇ ಹೇಳಿಬಿಡುತ್ತದೆ. ಜಪಮಣಿ ಎಣಿಸುವಾಗ ನನ್ನ ಮನಸ್ಸು ಇಷ್ಟು ನಿಂತಿಲ್ಲ. ಒಂಬತ್ತು ವರ್ಷದ ಮಗಳೂ ಪಕ್ಕದಲ್ಲಿ ಕೂತಳು. ಅವಳದು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಎರಡು ಸಲ ಹರಿಯಿತು, ಎರಡು ಸಲವೂ ಅತ್ತೆ ಬೈಯದೆ ಜೋಡಿಸಿಕೊಟ್ಟರು. ನೋಡುತ್ತಾ ನೋಡುತ್ತಾ ನನ್ನ ಕಣ್ಣು ತುಂಬಿತು. ಅತ್ತೆಗೆ ಇದನ್ನು ಕಲಿಸಿದ ಕೈ ಈಗಿಲ್ಲ. ಆ ಕೈಯ ಚಲನೆ ಮಾತ್ರ ಮಗುವಿನ ಬೆರಳಿನಲ್ಲಿ ಇತ್ತು.

ಬೆಳಿಗ್ಗೆ ನನ್ನ ಗಂಡ ನಿಜವಾದ ಮಾವಿನೆಲೆಗಳನ್ನು ಬಾಳೆನಾರಿಗೆ ಮಡಿಸಿ, ತೆಂಗಿನ ಕಡ್ಡಿ ಚುಚ್ಚಿ ತೋರಣ ಕಟ್ಟಿದರು. ಎಣ್ಣೆಸ್ನಾನಕ್ಕೆ ಮುಂಚೆ ಅತ್ತೆ ಮಣೆಯ ಮೇಲೆ ಏಳು ಬೊಟ್ಟು ಎಣ್ಣೆ ಇಟ್ಟರು. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ, ಏಳು ಚಿರಂಜೀವಿಗಳಿಗೆ. ಆಮೇಲೆ ಮಗಳ ನೆತ್ತಿಗೆ ಎಣ್ಣೆ. ದೇವರ ಪಟಕ್ಕೆ ಅವಳ ಸೊಟ್ಟ ಗೆಜ್ಜೆವಸ್ತ್ರವನ್ನೇ ಅತ್ತೆ ಮೊದಲು ಏರಿಸಿದರು. ಹೊಳೆಯುವ ಹರಿವಾಣದಲ್ಲಿ ಬೇವಿನ ಹೂ, ಎಳೆ ಚಿಗುರು, ಬೆಲ್ಲ, ಚೂರು ಹುರಿಗಡಲೆ.

"ಶತಾಯುರ್ವಜ್ರದೇಹಾಯ ಸರ್ವಸಂಪತ್ಕರಾಯ ಚ, ಸರ್ವಾರಿಷ್ಟವಿನಾಶಾಯ ನಿಂಬಕಂದಳಭಕ್ಷಣಂ" ಅಂತ ಹೇಳಿಕೊಂಡು ಬಾಯಿಗೆ ಹಾಕಿಕೊಂಡೆವು. ನೂರು ವರ್ಷ ಆಯಸ್ಸು, ವಜ್ರದಂಥ ಮೈ, ಸಕಲ ಸಂಪತ್ತು, ಎಲ್ಲ ಕೆಡುಕಿನ ನಾಶ. ಇಷ್ಟನ್ನೂ ನಮ್ಮ ಹಿರಿಯರು ಕೇಳಿದ್ದು ಬೀದಿ ಮರದ ಬೇವಿನ ಚಿಗುರನ್ನು ಕೈಯಲ್ಲಿ ಹಿಡಿದು. ಕಾಸು ಕೊಟ್ಟು ತರಬೇಕಾದ್ದು ಅದರಲ್ಲಿ ಏನೂ ಇಲ್ಲ.

ಮಧ್ಯಾಹ್ನಕ್ಕೆ ಒಬ್ಬಟ್ಟು, ಬೇಳೆ ಕಟ್ಟಿನಿಂದ ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ. ಅಷ್ಟೇ. ಸಾಕಾಯಿತು.

ಸಂಜೆ ಪಂಚಾಂಗ ಓದಿ ಮುಗಿಸಿ ಚಂದ್ರನನ್ನು ನೋಡಲು ಮಾಳಿಗೆ ಹತ್ತಿದೆವು. ಹೊಸ ವರ್ಷದ ಚಂದ್ರನ ಕೋಡು ಯಾವ ಕಡೆಗೆ ಎದ್ದಿದೆ ಅಂತ ನೋಡಿ ಮಳೆ ಬೆಳೆ ಹೇಳುವುದು ಅತ್ತೆಯ ಊರಿನ ರೂಢಿ. ಪಕ್ಕದ ಮನೆಯ ಮಾಳಿಗೆಯ ಮೇಲೂ ಎಲ್ಲರೂ ಪಡುವಣಕ್ಕೆ ತಿರುಗಿ ನಿಂತಿದ್ದರು. ಆ ಮನೆಯ ಅಜ್ಜಿಯನ್ನು ನಾವೂ ದಾದಿ ಅಂತಲೇ ಕರೆಯುತ್ತೇವೆ. ಅವರಿಗೆ ರಂಜಾನ್ ಚಂದ್ರ ಬೇಕಿತ್ತು. ಆ ವರ್ಷ ಎರಡೂ ಒಂದೇ ಸಂಜೆಗೆ ಬಂದಿದ್ದವು. ಮೊದಲು ಕಂಡಿದ್ದು ನನ್ನ ಮಗಳಿಗೆ. "ಅಗೋ, ಅಲ್ಲಿ!" ಅಂದಳು. ತೆಂಗಿನ ಗರಿಯ ಪಕ್ಕ, ಉಗುರಿನ ಗೀರಿನಷ್ಟು ತೆಳ್ಳಗೆ. ಇತ್ತ ಅತ್ತೆ ಕೈ ಮುಗಿದರು, ಅತ್ತ ದಾದಿ ಎರಡೂ ಅಂಗೈ ತೆರೆದು ಹಿಡಿದರು. ನಾನು ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ಅವರು ಉಪವಾಸ ಬಿಟ್ಟ ಮೇಲೆ ಮಗಳು ಹರಿವಾಣದಲ್ಲಿ ಒಬ್ಬಟ್ಟು ಇಟ್ಟುಕೊಂಡು ಹೋಗಿ ಕೊಟ್ಟು ಬಂದಳು. ಮಾರನೆಯ ಬೆಳಿಗ್ಗೆ ಹರಿವಾಣ ವಾಪಸ್ ಬಂತು, ನಡುವೆ ಒಂದು ಬಟ್ಟಲು ಶೀರ್ ಖುರ್ಮಾ ಇಟ್ಟುಕೊಂಡು. ಅತ್ತೆ ಅದನ್ನು ತೊಳೆದು, ಸೆರಗಿನಿಂದ ಒರೆಸಿದರು. ನಾನು ಅಭ್ಯಾಸಬಲದಿಂದ ಅಟ್ಟದ ಕಡೆ ನೋಡಿದೆ.

"ಅಲ್ಲಿಗಲ್ಲ ಕಣವ್ವ" ಅಂದು ದೇವರ ಮನೆಯ ಗೂಡಿನಲ್ಲಿ ಇಟ್ಟರು.