ಒಲಿಂಪಿಯಾದಲ್ಲಿ ಸ್ಟೇಡಿಯಂ ಕೊನೆಗೆ ನೋಡಿ

ಗ್ರೀಸ್‌ನ ಒಲಿಂಪಿಯಾಗೆ ಬಂದವರಲ್ಲಿ ಬಹಳ ಜನ ಟಿಕೆಟ್ ತಗೊಂಡು ನೇರ ಸ್ಟೇಡಿಯಂಗೆ ನಡೆಯುತ್ತಾರೆ. ನೀವು ಹಾಗೆ ಮಾಡಬೇಡಿ. ಇದು ಮುಖ್ಯವಾಗಿ ಗ್ರೀಕರ ದೇವರಾಜ ಜ್ಯೂಸ್‌ನ ಕ್ಷೇತ್ರ. ಕ್ರಿ.ಪೂ. 776ರಿಂದ ಲೆಕ್ಕ ಹಾಕುವ ಪ್ರಾಚೀನ ಒಲಿಂಪಿಕ್ ಆಟಗಳು ಅವನ ಜಾತ್ರೆಯ ಒಂದು ಭಾಗ. ಜಾತ್ರೆಯ ನಡುವೆ ನೂರು ಎತ್ತುಗಳ ಬಲಿ ಆಗುತ್ತಿತ್ತು.

ಹಾಗಾಗಿ ಜ್ಯೂಸ್ ದೇಗುಲದಿಂದ ಶುರು ಮಾಡಿ. ಭೂಕಂಪಕ್ಕೆ ಉರುಳಿದ ಕಂಬಗಳು ತುಂಡು ತುಂಡಾಗಿ ಸಾಲಾಗಿ ಮಲಗಿವೆ. ಹತ್ತಿರ ಹೋಗಿ ನೋಡಿ, ಕಲ್ಲಿನೊಳಗೆ ಸಮುದ್ರದ ಚಿಪ್ಪುಗಳು ಕಾಣುತ್ತವೆ! ಒಳಗಿದ್ದ ಚಿನ್ನ ಮತ್ತು ದಂತದ ಮೂರ್ತಿ ಸುಮಾರು 12 ಮೀಟರ್ ಎತ್ತರವಿತ್ತು. ಅದನ್ನು ಮಾಡಿದ ಶಿಲ್ಪಿ ಫಿಡಿಯಸ್‌ನ ಕಾರ್ಯಾಗಾರ ಅಲ್ಲೇ ಪಕ್ಕದಲ್ಲಿದೆ. ಮುಂದೆ ಅದು ಚರ್ಚ್ ಆಯಿತು.

ಸ್ಟೇಡಿಯಂ ದಾರಿಯಲ್ಲಿ ಖಾಲಿ ಪೀಠಗಳ ಸಾಲಿದೆ. ಸುಮ್ನೆ ದಾಟಿ ಹೋಗಬೇಡಿ. ಆಟದಲ್ಲಿ ಮೋಸ ಮಾಡಿದವರ ದಂಡದ ಹಣದಲ್ಲಿ ಜ್ಯೂಸ್‌ನ ಕಂಚಿನ ಮೂರ್ತಿಗಳನ್ನು ಮಾಡಿಸಿ ಇವುಗಳ ಮೇಲೆ ನಿಲ್ಲಿಸಿದ್ದರು. ಕಣಕ್ಕಿಳಿಯುವ ಮುಂಚೆ ಕಣ್ಣಿಗೆ ಬೀಳುವಂತೆ ಇಟ್ಟಿದ್ದಾರೆ, ನೋಡಿ. ಕಮಾನು ದಾಟಿದರೆ ಸುಮಾರು 192 ಮೀಟರ್ ಓಟದ ಅಂಗಳ. ಓಟ ಶುರುವಾಗುತ್ತಿದ್ದ ಕಲ್ಲಿನ ಗೆರೆ ಈಗಲೂ ಇದೆ. ಜನ ಮಣ್ಣಿನ ದಿಬ್ಬದ ಮೇಲೆ ಕೂರುತ್ತಿದ್ದರು. ಮದುವೆಯಾದ ಹೆಂಗಸರಲ್ಲಿ ಆಟ ನೋಡುವ ಹಕ್ಕು ಡಿಮೀಟರ್ ದೇವಿಯ ಪೂಜಾರಿಣಿಗೆ ಮಾತ್ರ.

ಮ್ಯೂಸಿಯಂಗೆ ಅರ್ಧ ದಿನ ಇಡಿ, ಕಮ್ಮಿ ಮಾಡಬೇಡಿ. ದೇಗುಲದ ಪೂರ್ವ ದಿಕ್ಕಿನ ಶಿಲ್ಪಗಳಲ್ಲಿ ರಾಜ ಓಯಿನೋಮಾಸ್ ಮತ್ತು ಅವನ ಮಗಳನ್ನು ಮದುವೆಯಾಗಲು ಬಂದ ಪೆಲೋಪ್ಸ್‌ರ ರಥದ ಓಟ ಇನ್ನೇನು ಶುರುವಾಗಬೇಕು; ಕತೆಯಲ್ಲಿ ರಾಜ ಈ ಓಟದಲ್ಲೇ ಸಾಯುತ್ತಾನೆ. ಮೂಲೆಯ ಕಡೆ ಕೂತ ಮುದುಕ ಕಣಿಗಾರನೊಬ್ಬನಿಗೆ ಮುಂದಾಗುವುದು ಗೊತ್ತು. ಅವನ ಮುಖ ನೋಡುತ್ತಾ ನಾನು ಬಹಳ ಹೊತ್ತು ನಿಂತಿದ್ದೆ. ಹೆಸರುವಾಸಿ ಹರ್ಮಿಸ್ ದೇವರ ಮೂರ್ತಿಗಿಂತ ನನಗೆ ಇವನೇ ಜಾಸ್ತಿ ಇಷ್ಟ. ಗ್ರೀಕ್ ವೀರ ಹೆರಾಕ್ಲಿಸ್‌ನ 12 ಸಾಹಸಗಳನ್ನು ಕೆತ್ತಿದ ಕಲ್ಲುಗಳಲ್ಲಿ ಹೆಚ್ಚಿನವೂ ಇಲ್ಲೇ ಇವೆ. ಫಿಡಿಯಸ್‌ನ ಹೆಸರು ಕೆತ್ತಿದ ಪುಟ್ಟ ಮಣ್ಣಿನ ಬಟ್ಟಲನ್ನು ಹುಡುಕಿ ನೋಡಿ.

ಭಾರತದಿಂದ ಹೋಗುವವರಿಗೆ ಷೆಂಗೆನ್ ವೀಸಾ ಬೇಕು. ಅಥೆನ್ಸ್‌ನಿಂದ ಹತ್ತಿರದ ಪಟ್ಟಣ ಪಿರ್ಗೋಸ್‌ಗೆ ಬಸ್ ಇದೆ, ಅಲ್ಲಿಂದ ಇನ್ನೊಂದು ಬಸ್. ಒಂದೇ ದಿನದಲ್ಲಿ ಹೋಗಿ ಬರುವುದು ಬೇಡ, ರಾತ್ರಿ ಊರಲ್ಲೇ ತಂಗಿ. ಬೇಸಿಗೆಯಲ್ಲಿ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ, ಬಿಸಿಲು ಏರಿದ ಮೇಲೆ ಮ್ಯೂಸಿಯಂ ಸೇರಿಕೊಳ್ಳಿ. ಕಾರು ಮಾಡಿಕೊಂಡವರು ವಾಪಸ್ ಹೋಗುವಾಗ ಟ್ರಿಪೊಲಿ ಊರಿನ ಕಡೆಯಿಂದ ಬಂದು ನೆಮಿಯಾ ಎಂಬ ಇನ್ನೊಂದು ಪ್ರಾಚೀನ ಆಟಗಳ ಜಾಗ ನೋಡಬಹುದು. ಅಲ್ಲೂ ಜ್ಯೂಸ್‌ನದೇ ಆಟಗಳು. ಸ್ಟೇಡಿಯಂ ಸುರಂಗದ ಗೋಡೆಯ ಮೇಲೆ ಅಂದಿನ ಆಟಗಾರರು ಗೀಚಿದ ಹೆಸರುಗಳು ಹಾಗೇ ಉಳಿದಿವೆ.