ಜೆಮಿನಿ ಶಂಕರನ್ ನೆನಪಾದರು

ಬಸ್ ಸ್ಟ್ಯಾಂಡ್ ಗೋಡೆಗೆ ಇವತ್ತು ಸರ್ಕಸ್ ಪೋಸ್ಟರ್ ಅಂಟಿಸುತ್ತಿದ್ದರು. ಮೈದಾ ಅಂಟು ಇನ್ನೂ ಹಸಿ, ಜೋಕರ್ ಗಲ್ಲದ ಮೇಲೆ ಇಳಿಯುತ್ತಿತ್ತು.

ತಟ್ಟನೆ ನೆನಪಾಗಿದ್ದು ಜೆಮಿನಿ ಸರ್ಕಸ್ ಕಟ್ಟಿದ ಜೆಮಿನಿ ಶಂಕರನ್. 2023ರ ಏಪ್ರಿಲ್‌ನಲ್ಲಿ ಹೋದರಲ್ಲ, 98 ವರ್ಷ ಬಾಳಿ. ಕೇರಳದ ತಲಶ್ಶೇರಿಯಲ್ಲಿ ಸರ್ಕಸ್ ಗುರು ಕೀಲೇರಿ ಕುಂಞಿಕಣ್ಣನ್ ಹತ್ತಿರ ಕಸರತ್ತು ಕಲಿತ ಹುಡುಗ, ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯ ಸೇರಿ, ವಾಪಸ್ ಬಂದು ಮತ್ತೆ ಕಸರತ್ತಿನ ಬಾರ್, ಟ್ರಪೀಜ್ (ಎತ್ತರದಲ್ಲಿ ತೂಗುವ ಉಯ್ಯಾಲೆ) ಅಂತ ನೇತಾಡಿ, ಕೊನೆಗೆ 1951ರಲ್ಲಿ ಗೆಳೆಯನ ಜೊತೆ ಸೇರಿ ಒಂದು ಸರ್ಕಸ್ಸನ್ನೇ ಕೊಂಡುಬಿಟ್ಟರು. ಅದಕ್ಕೆ ಜೆಮಿನಿ ಅಂತ ಯಾಕೆ ಹೆಸರಿಟ್ಟರು? ಅವರದು ಮಿಥುನ ರಾಶಿ, ಇಂಗ್ಲಿಷಿನಲ್ಲಿ ಜೆಮಿನಿ, ಅಷ್ಟೇ! ಮೊದಲ ಆಟ ಗುಜರಾತಿನ ಬಿಲಿಮೋರಾದಲ್ಲಿ, ಅದೂ ಆಗಸ್ಟ್ 15ಕ್ಕೆ. ಆ ದಿನ ಹಿಡಿದಿದ್ದೇ ಅರ್ಧ ಪ್ರಚಾರ ಅಲ್ವಾ?

ಪ್ರಚಾರ ಅಂದರೆ ಸರ್ಕಸ್ಸಿನವರದ್ದೇ ಬಿಡಿ. ರಾತ್ರಿ ಆಕಾಶದಲ್ಲಿ ಸುಮ್ನೆ ಸುತ್ತುವ ಆ ಸರ್ಚ್‌ಲೈಟ್ ಒಂದು ಸಾಕಿತ್ತು, ಮೈಲಿಗಟ್ಟಲೆ ದೂರದ ಹಳ್ಳಿಯ ಮಕ್ಕಳೆಲ್ಲ ಅಂಗಳಕ್ಕೆ ಓಡಿಬಂದು, ಮರುದಿನದಿಂದಲೇ ಟಿಕೆಟ್ಟಿಗೆ ಅಪ್ಪನ ಬೆನ್ನು ಬೀಳುತ್ತಿದ್ದರು.

1977ರಲ್ಲಿ ಜಂಬೋ ಸರ್ಕಸ್ಸನ್ನೂ ಶುರು ಮಾಡಿದರು. ಆಮೇಲೆ ಹುಲಿ, ಸಿಂಹ, ಕರಡಿಗಳ ಆಟಕ್ಕೆ ನಿಷೇಧ ಬಂತು. (ಬಂದಿದ್ದೇ ಒಳ್ಳೆಯದಾಯಿತು, ಬೈಯಬೇಡಿ.) ಆದರೂ ಅವರ ಟೆಂಟ್ ಎದ್ದೇ ಇತ್ತು.

ನಿಮ್ಮೂರಲ್ಲಿ ಟೆಂಟ್ ಹಾಕುತ್ತಿದ್ದ ಮೈದಾನ ಯಾವುದು, ಈಗ ಅಲ್ಲೇನಿದೆ? ಹೇಳಿ ನೋಡೋಣ.